ಬಲ ಯಾರಿಗಾಗಿ?

ಬಲಶಾಲಿಗಳ ಕಥೆಯೆಂದರೆ ಮಕ್ಕಳಿಗೆ ಪಂಚಪ್ರಾಣ. ಹನುಮಂತನು ಕಡಲನ್ನು ಲಂಘಿಸಿದ ಪ್ರಸಂಗವನ್ನಾಗಲಿ, ಭೀಮನು ಬಂಡಿಯ ಅನ್ನವನ್ನೆಲ್ಲ ತಾನೇ ಉಂಡು ಬಕಾಸುರನನ್ನು ಸಂಹರಿಸಿದ ಪ್ರಸಂಗವನ್ನಾಗಲಿ ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವೆಂಬುದಿಲ್ಲ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಎಳೆಯರ ಪಾಲಿಗೆ ಈ ಪ್ರಪಂಚವೆಲ್ಲ ತಮಗಿಂತ ದೊಡ್ಡವರಿಂದಲೇ ತುಂಬಿದೆ. ಎಲ್ಲಿ ಹೋಗಬೇಕು, ಏನು ಮಾಡಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಬೇರೆಯವರು. ಅಂಥ ಮಗು ಕಥೆಯ ವೀರನೊಡನೆ ಒಂದಾಗಿ, ಸ್ವಲ್ಪ ಹೊತ್ತಾದರೂ ತನ್ನ ಅಸಹಾಯಕತೆಯನ್ನು ಮರೆಯುತ್ತದೆ. ಹಿಂದೆ ಅಜ್ಜಿಯ ಮಡಿಲಿನಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ದೊರೆಯುತ್ತಿದ್ದ ಈ ಆನಂದ ಇಂದು ಬಹುಮಟ್ಟಿಗೆ ತೆರೆಯ ಮೇಲೆ ದೊರೆಯುತ್ತದೆ. ಅದನ್ನು ಒದಗಿಸುವುದರಲ್ಲಿ ಜಪಾನಿನ ಕಾರ್ಟೂನು ಚಿತ್ರಗಳದು ದೊಡ್ಡ ಪಾಲು.

ಈ ಚಿತ್ರಗಳನ್ನು ಕುರಿತು ಅನೇಕ ಹಿರಿಯರಿಗೆ ಸಮಾಧಾನವಿಲ್ಲ. “ಹೊಡೆ, ಬಡಿ ಎಂಬುದಲ್ಲದೆ ಇವುಗಳಲ್ಲಿ ಇನ್ನೇನಿದೆ?” ಎಂದು ಅವರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಕಾಳಗವಿರುವ ಕಥೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಾಳಗವೇ ದೋಷವೆನ್ನುವುದಾದರೆ ನಮ್ಮ ರಾಮಾಯಣ ಮಹಾಭಾರತಗಳನ್ನೂ ಮಕ್ಕಳಿಂದ ದೂರವಿಡಬೇಕಾದೀತು. ಕಥೆಯಲ್ಲಿ ಪೆಟ್ಟುಗಳೆಷ್ಟು ಎಂದು ಎಣಿಸುವುದಕ್ಕಿಂತ, ಅಲ್ಲಿ ಬಲವು ಯಾರಿಗಾಗಿ ವಿನಿಯೋಗವಾಯಿತು ಎಂದು ವಿಚಾರಿಸುವುದೇ ಸರಿಯಾದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ಒಂದು ಚಿತ್ರವನ್ನು ಎತ್ತಿಕೊಂಡು ಈ ಮಾತನ್ನು ವಿವರಿಸಬಯಸುತ್ತೇನೆ.

1986ರ ಡಿಸೆಂಬರ್ 20ರಂದು ಜಪಾನಿನಲ್ಲಿ ಡ್ರ್ಯಾಗನ್ ಬಾಲ್ ಕಥಾಮಾಲೆಯ ಮೊದಲ ಚಲನಚಿತ್ರ ಬಿಡುಗಡೆಯಾಯಿತು. ‘ದಿವ್ಯ ಡ್ರ್ಯಾಗನ್ನಿನ ಐತಿಹ್ಯ’ ಎಂಬುದು ಅದರ ಜಪಾನೀ ಹೆಸರಿನ ಅರ್ಥ. ‘ರಕ್ತಮಾಣಿಕ್ಯಗಳ ಶಾಪ’ ಎಂಬರ್ಥದ ಇಂಗ್ಲಿಷ್ ಹೆಸರಿನಿಂದಲೂ ಅದು ಪ್ರಸಿದ್ಧವಾಗಿದೆ. ತೋಯೆ ಸಂಸ್ಥೆ ನಿರ್ಮಿಸಿದ, ಸುಮಾರು 50 ನಿಮಿಷಗಳ ಈ ಚಿತ್ರದ ನಿರ್ದೇಶಕರು ದೈಸುಕೆ ನಿಶಿಯೊ. ಮೂಲ ಕಥೆಯ ಕರ್ತೃ ಅಕಿರಾ ತೋರಿಯಾಮಾ. 1955ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಈ ಕಲಾವಿದರು 1984ರಿಂದ 1995ರವರೆಗೆ ಒಂದು ವಾರಪತ್ರಿಕೆಯಲ್ಲಿ ಆ ಕಥೆಯನ್ನು ಚಿತ್ರಗಳಲ್ಲಿ ಹೇಳುತ್ತ ಹೋದರು. ಅದು 42 ಸಂಪುಟಗಳಷ್ಟು ಬೆಳೆಯಿತು.

ಚಿತ್ರದ ಕಥೆ ಸರಳವಾದುದು. ಗುರುಮೆಸ್ ಎಂಬ ಅರಸನ ನಾಡಿನಲ್ಲಿ ನೆಲದೊಳಗೆ ಕೆಂಪು ಮಾಣಿಕ್ಯಗಳು ದೊರೆಯುತ್ತವೆ. ಅವುಗಳ ಆಸೆಗೆ ಬಿದ್ದ ಅರಸನು ಪ್ರಜೆಗಳ ನೆಲವನ್ನೆಲ್ಲ ಅಗೆಸುತ್ತಾನೆ. ಹಸುರಾಗಿದ್ದ ನಾಡು ಹಾಳಾಗುತ್ತದೆ. ಮಾಣಿಕ್ಯಗಳಿಗೆ ಅಂಟಿದ ಶಾಪದಿಂದ ಅವನಿಗೆ ಎಷ್ಟು ತಿಂದರೂ ತಣಿಯದ ಹಸಿವು ಹಿಡಿಯುತ್ತದೆ. ದೇಹ ರಾಕ್ಷಸಾಕಾರ ತಾಳುತ್ತದೆ. ಏಳು ಮಾಂತ್ರಿಕ ಗೋಲಗಳನ್ನು ಒಂದೆಡೆ ಕೂಡಿಸಿದವರ ಮುಂದೆ ದಿವ್ಯ ಡ್ರ್ಯಾಗನ್ ಪ್ರತ್ಯಕ್ಷವಾಗಿ ಒಂದು ಕೋರಿಕೆಯನ್ನು ಈಡೇರಿಸುವುದೆಂದು ತಿಳಿದು, ಅರಸನು ಅವುಗಳಿಗಾಗಿ ಸೈನಿಕರನ್ನು ಅಟ್ಟುತ್ತಾನೆ. ಅಂಥ ಒಂದು ಗೋಲ ಕಾಡಿನಲ್ಲಿ ಒಂಟಿಯಾಗಿ ಬೆಳೆದ ಗೋಕು ಎಂಬ ಬಾಲಕನ ಬಳಿಯಿತ್ತು. ಅದು ಅವನನ್ನು ಸಾಕಿದ ಅಜ್ಜನ ನೆನಪಿನ ವಸ್ತು. ಅದನ್ನು ಕಳೆದುಕೊಂಡ ಬಾಲಕನು, ತನ್ನ ನಾಡನ್ನು ಉಳಿಸಬಲ್ಲ ಸಮರಕಲೆಯ ಗುರುವನ್ನು ಅರಸಿ ಹೊರಟ ಪ್ಯಾನ್ಸಿ ಎಂಬ ಪುಟ್ಟ ಹುಡುಗಿಗೆ ನೆರವಾಗುತ್ತಾನೆ. ಮುಂದಿನದೆಲ್ಲ ಸಾಹಸ, ಹಾಸ್ಯ, ಕಾಳಗ.

ಈ ಗೋಕು ಎಂಬ ಬಾಲಕನ ವಂಶವೃಕ್ಷದ ಬೇರು ನಮ್ಮ ನೆಲದವರೆಗೂ ಚಾಚಿದೆಯೆಂದರೆ ಹಲವರಿಗೆ ಆಶ್ಚರ್ಯವಾದೀತು. 16ನೆಯ ಶತಮಾನದ ಚೀನಾದಲ್ಲಿ ‘ಪಶ್ಚಿಮದ ಯಾತ್ರೆ’ ಎಂಬ ಮಹಾಕಾದಂಬರಿ ರಚಿತವಾಯಿತು. ಬೌದ್ಧ ಗ್ರಂಥಗಳನ್ನು ತರಲೆಂದು ಭಾರತಕ್ಕೆ ಹೊರಟ ಭಿಕ್ಷುವಿಗೆ ಬೆಂಗಾವಲಾಗಿ ಬರುವ ಕಪಿವೀರನೇ ಅದರ ನಾಯಕ. ಮೋಡವನ್ನೇರಿ ಹಾರುವ, ಬೇಕಾದಷ್ಟು ಉದ್ದಕ್ಕೆ ಬೆಳೆಯುವ ದಂಡವನ್ನು ಹಿಡಿದ ಆ ವೀರನ ಹೆಸರು ಚೀನೀ ಭಾಷೆಯಲ್ಲಿ ಸುನ್ ವುಕಾಂಗ್. ಅದೇ ಬರಹವನ್ನು ಜಪಾನಿಗರು ಓದುವುದು ಸೊನ್ ಗೋಕು ಎಂದು. ಶೂನ್ಯವನ್ನು ಅರಿತವನು ಎಂಬುದು ಆ ಹೆಸರಿನ ಅರ್ಥ. ಶೂನ್ಯತತ್ತ್ವವಾದರೋ ಭಾರತದ ಬೌದ್ಧ ದಾರ್ಶನಿಕರ ಕೊಡುಗೆ. ತೋರಿಯಾಮಾ ಅವರು ಹೆಸರು, ಮೋಡ, ದಂಡ ಮೂರನ್ನೂ ಅಲ್ಲಿಂದಲೇ ಎತ್ತಿಕೊಂಡು ತಮ್ಮ ಬಾಲಕನಿಗೆ ಕೊಟ್ಟರು. ಜೊತೆಗೆ ಒಂದು ಬಾಲವನ್ನೂ ಅಂಟಿಸಿದರು.

ಆ ಕಾದಂಬರಿಯ ಭಿಕ್ಷು ಕಲ್ಪನೆಯ ವ್ಯಕ್ತಿಯಲ್ಲ. 7ನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ನಾಲಂದದಲ್ಲಿ ವ್ಯಾಸಂಗ ಮಾಡಿ, 645ರಲ್ಲಿ ಸ್ವದೇಶಕ್ಕೆ ಮರಳಿದ ಹ್ಯುಯೆನ್ ತ್ಸಾಂಗನೇ ಅವನು. ಅವನು ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಸಂದರ್ಶಿಸಿ, ಹರ್ಷವರ್ಧನನಿಗೂ ಮಣಿಯದ ಅಲ್ಲಿನ ಜನರ ಸ್ವಭಾವವನ್ನು ಬಣ್ಣಿಸಿದ್ದಾನೆ. ಆ ಜನ ಉಪಕಾರವನ್ನು ಮರೆಯುವವರಲ್ಲ, ಅಪಮಾನವನ್ನು ಸಹಿಸುವವರೂ ಅಲ್ಲ. ಆಪತ್ತಿನಲ್ಲಿರುವವರು ಮೊರೆಯಿಟ್ಟರೆ ತಮ್ಮನ್ನು ತಾವು ಮರೆತು ನೆರವಿಗೆ ಧಾವಿಸುವರು. ವೈರಿಗೆ ಮುನ್ಸೂಚನೆ ಕೊಡದೆ ಅವನ ಮೇಲೆ ಬೀಳರು. ಶರಣಾದವನನ್ನು ಕೊಲ್ಲರು ಎಂಬುದು ಅವನ ಮಾತಿನ ಸಾರಾಂಶ. ಬಲವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೇ? ಯಾವ ಯಾತ್ರಿಕನ ಪ್ರಯಾಣವು ಗೋಕುವಿನ ಕಥೆಗೆ ದೂರದ ಮೂಲವಾಯಿತೋ, ಆ ಯಾತ್ರಿಕನೇ ಕನ್ನಡದ ದೊರೆಯ ನಾಡಿನಲ್ಲಿ ಈ ಅಳತೆಗೋಲನ್ನು ಕಂಡು ಬರೆದಿಟ್ಟನೆಂಬುದು ಸಂತೋಷದ ಸಂಗತಿ.

ಈ ಅಳತೆಗೋಲಿನಿಂದ ನಮ್ಮ ಚಿತ್ರವನ್ನು ಅಳೆದು ನೋಡೋಣ. ಪ್ಯಾನ್ಸಿಯ ನಾಡು ಗೋಕುವಿನ ನಾಡಲ್ಲ. ಅಲ್ಲಿನ ಮಾಣಿಕ್ಯಗಳಲ್ಲಿ ಅವನಿಗೆ ಪಾಲಿಲ್ಲ. ಆದರೂ ಆಪತ್ತಿನಲ್ಲಿರುವವಳು ಮೊರೆಯಿಟ್ಟಳೆಂಬ ಒಂದೇ ಕಾರಣಕ್ಕೆ ಅವನು ತನ್ನ ತೋಳ್ಬಲವನ್ನು ಅವಳ ಪರವಾಗಿ ನಿಲ್ಲಿಸುತ್ತಾನೆ. ಅವನು ಏರುವ ಮೋಡದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ನಿರ್ಮಲ ಹೃದಯದವರನ್ನಲ್ಲದೆ ಅದು ಯಾರನ್ನೂ ಹೊರುವುದಿಲ್ಲ. ತೋರಿಯಾಮಾ ಅವರ ಮೂಲ ಕಥೆಯಲ್ಲಿ ಆ ಮೋಡವನ್ನು ದಯಪಾಲಿಸಿದ ಗುರುವೇ ಅದನ್ನೇರಹೋಗಿ ನೆಲಕ್ಕೆ ಬೀಳುತ್ತಾನೆ! ವಿದ್ಯೆಯಲ್ಲಿ ಪಾರಂಗತನಾದ ಮಾತ್ರಕ್ಕೆ ಮೇಲೇರಲಾಗದು, ಮನಸ್ಸು ಹಗುರವಾಗಿರಬೇಕು ಎಂಬ ದೊಡ್ಡ ತತ್ತ್ವವನ್ನು ಮಕ್ಕಳು ನಗುನಗುತ್ತಲೇ ಗ್ರಹಿಸುತ್ತಾರೆ.

ಚಿತ್ರದ ನಿಜವಾದ ಮಹತ್ತ್ವವಿರುವುದು ಅದರ ಮುಕ್ತಾಯದಲ್ಲಿ. ಕಾಳಗದ ಕೊನೆಗೆ ಡ್ರ್ಯಾಗನ್ ಪ್ರತ್ಯಕ್ಷವಾದಾಗ ಪ್ಯಾನ್ಸಿ ಐಶ್ವರ್ಯವನ್ನು ಬೇಡುವುದಿಲ್ಲ, ಅರಸನ ಪ್ರಾಣವನ್ನೂ ಬೇಡುವುದಿಲ್ಲ. ತನ್ನ ನಾಡು ಮೊದಲಿನಂತೆ ಸುಂದರವಾಗಲಿ, ಶಾಂತವಾಗಲಿ ಎಂದಷ್ಟೇ ಕೋರುತ್ತಾಳೆ. ಮಾಣಿಕ್ಯಗಳೆಲ್ಲ ಮಾಯವಾಗುತ್ತವೆ, ರಾಕ್ಷಸನಾಗಿದ್ದ ಅರಸನು ಮತ್ತೆ ಸಾಮಾನ್ಯ ಮನುಷ್ಯನಾಗುತ್ತಾನೆ. ಇಲ್ಲಿ ಬಕಾಸುರನ ಕಥೆಯನ್ನು ನೆನೆಯಬೇಕು. ಭೀಮನು ಹಸಿದ ರಾಕ್ಷಸನನ್ನು ಕೊಂದು ಊರನ್ನು ಉಳಿಸಿದನು. ಅದು ಒಂದು ಬಗೆಯ ಗೆಲುವು. ಹಸಿವಿನ ಮೂಲವನ್ನೇ ಕಿತ್ತು, ಹಸಿದವನನ್ನೂ ಉಳಿಸಿಕೊಳ್ಳುವುದು ಇನ್ನೊಂದು ಬಗೆಯ ಗೆಲುವು. ಗೋಕುವಿನ ಮುಷ್ಟಿ ಅರಸನನ್ನು ತಡೆದು ನಿಲ್ಲಿಸಿತು, ನಿಜ. ಆದರೆ ನಾಡನ್ನು ಉಳಿಸಿದುದು ಮುಷ್ಟಿಯಲ್ಲ, ಒಬ್ಬ ಹುಡುಗಿಯ ವಿವೇಕ. ನೆಲದಡಿಯ ಸಂಪತ್ತಿಗಿಂತ ನೆಲದ ಮೇಲಿನ ಬಾಳು ದೊಡ್ಡದೆಂಬ ಈ ಮಾತು ಯಾವ ದೇಶದ ಮಕ್ಕಳಿಗೆ ಬೇಡವಾಗಿದೆ?

ಚಿತ್ರ ನಿರ್ದೋಷವಾದುದೆಂದು ನಾನು ವಾದಿಸುವುದಿಲ್ಲ. ಮುದುಕ ಗುರುವಿನ ಸ್ತ್ರೀಚಾಪಲ್ಯವನ್ನು ಹಾಸ್ಯದ ವಸ್ತುವನ್ನಾಗಿ ಮಾಡಿರುವುದು ಸದಭಿರುಚಿಗೆ ಹೊಂದುವಂಥದಲ್ಲ. ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದುದು. ಇಲ್ಲಿ ಪೆಟ್ಟು ತಿಂದವರು ಬಂಡೆಗೆ ಅಪ್ಪಳಿಸಿದರೂ ಮರುಕ್ಷಣ ಮೈಕೊಡವಿ ಎದ್ದು ನಿಲ್ಲುತ್ತಾರೆ. ನಿಜ ಜೀವನದಲ್ಲಿ ಪೆಟ್ಟು ನೋಯುತ್ತದೆ, ಮೂಳೆ ಮುರಿಯುತ್ತದೆ, ಕೆಲವೊಮ್ಮೆ ಹೋದ ಕಣ್ಣು ಮರಳುವುದಿಲ್ಲ. ನೋವಿಲ್ಲದ ಕಾಳಗವನ್ನು ನೋಡಿ ನೋಡಿ ಪೆಟ್ಟೆಂದರೆ ಆಟವೆಂದು ಭಾವಿಸುವ ಅಪಾಯ ಎಳೆಯರಿಗೆ ಇದ್ದೇ ಇದೆ. ಹಿರಿಯರ ಆಕ್ಷೇಪ ಇಷ್ಟರಮಟ್ಟಿಗೆ ಸಾಧುವಾದುದು.

ಹಾಗಾದರೆ ಮಾಡಬೇಕಾದುದೇನು? ಚಿತ್ರವನ್ನು ನಿಷೇಧಿಸುವುದು ಸುಲಭ. ಆದರೆ ನಿಷೇಧವು ಕುತೂಹಲವನ್ನು ಬೆಳೆಸುತ್ತದೆಯೇ ಹೊರತು ವಿವೇಕವನ್ನು ಬೆಳೆಸುವುದಿಲ್ಲ. ಮಗುವನ್ನು ತೆರೆಯ ಮುಂದೆ ಒಂಟಿಯಾಗಿ ಕೂರಿಸಿ ತಮ್ಮ ಕೆಲಸಕ್ಕೆ ಹೋಗುವುದು ಅದಕ್ಕಿಂತಲೂ ಸುಲಭ, ಅದಕ್ಕಿಂತಲೂ ಕೆಟ್ಟದು. ಹಿರಿಯರು ಜೊತೆಯಲ್ಲಿ ಕುಳಿತು ನೋಡಬೇಕು. ಅಜ್ಜಿ ಕಥೆಯ ನಡುವೆ ತಡೆದು “ಆಮೇಲೆ ಏನಾಯಿತು, ಹೇಳು ನೋಡೋಣ” ಎಂದು ಕೇಳುತ್ತಿದ್ದಂತೆ ಅವರೂ ಕೇಳಬೇಕು: ಇವನು ಹೋರಾಡಿದ್ದು ಯಾರಿಗಾಗಿ? ಸೋತವನನ್ನು ಏನು ಮಾಡಿದರು? ನಿನಗೆ ಒಂದೇ ಒಂದು ಕೋರಿಕೆಗೆ ಅವಕಾಶವಿದ್ದರೆ ಏನನ್ನು ಕೇಳುತ್ತಿದ್ದೆ? ಈ ಮೂರು ಪ್ರಶ್ನೆಗಳಿಗೆ ಮಗು ತಾನಾಗಿ ಉತ್ತರ ಹುಡುಕಿಕೊಂಡರೆ ಒಂದು ಗಂಟೆಯ ಮನರಂಜನೆ ಒಂದು ಪಾಠವೂ ಆಗುತ್ತದೆ.

ಬಲವನ್ನು ಬಯಸುವುದು ಬಾಲ್ಯದ ಸಹಜಗುಣ. ಅದನ್ನು ಅಳಿಸಲು ಯಾರಿಂದಲೂ ಆಗದು, ಅಳಿಸಬೇಕಾದ ಅಗತ್ಯವೂ ಇಲ್ಲ. ಆ ಬಯಕೆಗೆ ಒಂದು ದಿಕ್ಕನ್ನು ತೋರಿಸುವುದಷ್ಟೇ ಹಿರಿಯರ ಹೊಣೆ. ತೋಳಿಗೆ ಬಲ ಬರುವ ಮೊದಲೇ ಅದನ್ನು ಯಾರಿಗಾಗಿ ಎತ್ತಬೇಕೆಂಬ ತಿಳಿವು ಮನಸ್ಸಿಗೆ ಬಂದಿದ್ದರೆ, ಅಂಥ ಮಕ್ಕಳ ಕೈಯಲ್ಲಿ ನಾಡು ನಿಶ್ಚಿಂತವಾಗಿರುತ್ತದೆ.