ಜಗಲಿ ಗೋಡೆಯ ಕರೆಂಟು ಪೆಟ್ಟಿಗೆ

ಪುಟಾಣಿಗಳೇ, ಮೊದಲು ಒಂದು ಒಗಟು. ಮನೆಯವರೆಲ್ಲ ಕರೆಂಟನ್ನು ಕರೆಯುತ್ತಾರೆ, ಆದರೆ ಕರೆಂಟು ಒಬ್ಬನ ಅಪ್ಪಣೆ ಪಡೆದೇ ಒಳಗೆ ಬರುತ್ತದೆ. ಅವನು ಯಾರು? ಮೀಟರಿನ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಮೇನ್ ಬೋರ್ಡು!

ನಮ್ಮ ನಾಡಿಗೆ ಕರೆಂಟು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಅದು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಆದರೆ ಎಷ್ಟೋ ಊರುಗಳ ಹಳೆಯ ಮನೆಗಳಿಗೆ ಕರೆಂಟು ಬಂದದ್ದು ಅಜ್ಜ-ಅಜ್ಜಿಯರ ಕಣ್ಣೆದುರಿಗೇ. ಆಗ ಮನೆಯಲ್ಲಿದ್ದದ್ದು ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೊ. ಇವತ್ತು ಅದೇ ತಂತಿಗೆ ಗೀಸರು, ಫ್ರಿಜ್ಜು, ಮಿಕ್ಸಿ ಎಲ್ಲವನ್ನೂ ನೇತುಹಾಕಿದ್ದೇವೆ. ಇಬ್ಬರು ಕೂರುವ ಸೈಕಲ್ಲಿನಲ್ಲಿ ಮದುವೆ ದಿಬ್ಬಣ ಹೊರಟ ಹಾಗೆ!

ಈಗ ಒಂದು ಲೆಕ್ಕ. ಬೆಳಗ್ಗೆ ಏಳು ಗಂಟೆ. ಗೀಸರು 2000 ವ್ಯಾಟ್, ಇಂಡಕ್ಷನ್ ಒಲೆ 2000, ಇಸ್ತ್ರಿ ಪೆಟ್ಟಿಗೆ 1000, ಮಿಕ್ಸಿ 750. ಒಟ್ಟು 5750. ಮನೆಗೆ ಬರುವ ಕರೆಂಟು 230 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಭಾಗಿಸಿ ನೋಡಿ, 25 ಬಂತಲ್ಲವೇ? ಇನ್ನು ಕರೆಂಟ್ ಬಿಲ್ಲಿನಲ್ಲಿ 'ಮಂಜೂರಾದ ಲೋಡ್' ಎಷ್ಟಿದೆ ಹುಡುಕಿ. 1 ಕಿಲೋವ್ಯಾಟ್ ಎಂದಿದ್ದರೆ ನಾವು ಕೇಳಿ ಪಡೆದಿರುವುದು ನಾಲ್ಕು ಚಿಲ್ಲರೆ ಆಂಪಿಯರ್ ಮಾತ್ರ. ಹೆಚ್ಚಿನ ಲೋಡಿಗೆ ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ವಿದ್ಯುತ್ ಕಂಪನಿಗೆ ಅರ್ಜಿ ಹಾಕಬೇಕು. ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ, ಅದನ್ನು ಮೊದಲೇ ತಿಳಿದಿರಬೇಕು.

ಹಳೆಯ ಬೋರ್ಡಿನಲ್ಲಿ ಬಿಳಿ ಪಿಂಗಾಣಿಯ ಫ್ಯೂಸು ಇರುತ್ತದೆ. ಕರೆಂಟು ಮಿತಿ ಮೀರಿದರೆ ಅದರ ಸಣ್ಣ ತಂತಿ ತಾನು ಕರಗಿ ಮನೆಯನ್ನು ಉಳಿಸುತ್ತದೆ. ಪದೇ ಪದೇ ಹೋಗುತ್ತದೆಂದು ಬೇಸತ್ತು ಕೆಲವರು ದಪ್ಪ ತಂತಿ ಕಟ್ಟಿಬಿಡುತ್ತಾರೆ. ಆಗ ಫ್ಯೂಸು ಕರಗುವುದಿಲ್ಲ, ಗೋಡೆಯೊಳಗಿನ ವೈರು ಕಾಯುತ್ತದೆ. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳ ಬಂದದ್ದು ತಿಳಿಯುವುದು ಹೇಗೆ?

ಹೊಸ ಪೆಟ್ಟಿಗೆಯಲ್ಲಿ ಫ್ಯೂಸಿನ ಜಾಗಕ್ಕೆ ಎಂಸಿಬಿ ಬರುತ್ತದೆ. ಹೊರೆ ಹೆಚ್ಚಾದರೆ ಅದರ ಹಿಡಿ ತಾನೇ ಕೆಳಗೆ ಬೀಳುತ್ತದೆ. ದೀಪ-ಫ್ಯಾನಿಗೆ ಒಂದು, ಅಡುಗೆಮನೆಗೆ ಒಂದು, ಗೀಸರಿಗೆ ಒಂದು, ಮೋಟರಿಗೆ ಒಂದು ಎಂದು ಬೇರೆ ಬೇರೆ ಇದ್ದರೆ, ಒಂದು ಬಿದ್ದಾಗ ಮನೆಯೆಲ್ಲ ಕತ್ತಲಾಗುವುದಿಲ್ಲ. ನೆನಪಿಡಿ, ಎಂಸಿಬಿ ಕಾಯುವುದು ವೈರನ್ನು. ವೈರು ತೆಳ್ಳಗಿದ್ದು ಎಂಸಿಬಿ ಮಾತ್ರ ದೊಡ್ಡದಾದರೆ ಅದೂ ದಪ್ಪ ಫ್ಯೂಸ್ ತಂತಿಯ ಕಥೆಯೇ. ಸಾಮಾನ್ಯವಾಗಿ ದೀಪಕ್ಕೆ ಒಂದೂವರೆ, ದೊಡ್ಡ ಪ್ಲಗ್ಗಿಗೆ ಎರಡೂವರೆ, ಗೀಸರು-ಎಸಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು ಎಳೆಯುತ್ತಾರೆ.

ಜೀವ ಕಾಯುವವನು ಇನ್ನೊಬ್ಬ, ಆರ್‌ಸಿಸಿಬಿ. ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಬಸ್ಸು ಇಳಿಯುವಾಗ, ಹತ್ತುವಾಗ ತಲೆ ಎಣಿಸುತ್ತಾರಲ್ಲ, ಇವನೂ ಹಾಗೆಯೇ. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಸರಿತೂಗಿಸುತ್ತಾನೆ. ಒದ್ದೆ ಕೈ ತಗುಲಿ ಒಂದಿಷ್ಟು ಮೈಮೂಲಕ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತಾನೆ. ಮನೆಗೆ 30 ಮಿಲಿಆಂಪಿಯರಿನದು ಕೇಳಿ. ಅದರ ಟೆಸ್ಟ್ ಗುಂಡಿಯನ್ನು ದೊಡ್ಡವರು ಆಗಾಗ ಒತ್ತಿ ನೋಡಬೇಕು. ಇದು ಬಂತೆಂದು ಅರ್ಥಿಂಗ್ ಬಿಡುವಂತಿಲ್ಲ. ಹಸಿರು ವೈರು ಪ್ರತಿ ಪ್ಲಗ್ಗಿಗೂ ತಲುಪಲೇಬೇಕು.

ಇನ್ನು ವೈರಿನ ದಾರಿ. ಗೋಡೆಯೊಳಗಿನ ಪೈಪು ನೇರ ಮೇಲಕ್ಕೆ ಇಲ್ಲವೇ ನೇರ ಅಡ್ಡಕ್ಕೆ ಹೋಗಬೇಕು, ಓರೆಯಾಗಿ ಬೇಡ. ಪೈಪು ಉಳಿಯುತ್ತದೆಂದು ಎಲೆಕ್ಟ್ರಿಷಿಯನ್ ಅಡ್ಡದಾರಿ ಹಿಡಿದರೆ, ಹತ್ತು ವರ್ಷದ ಮೇಲೆ ದೇವರ ಪಟಕ್ಕೆ ಮೊಳೆ ಹೊಡೆಯುವವರ ಕೈಗೆ ಅದು ಸಿಗುತ್ತದೆ. ನೀರಿನ ಪೈಪಿನಿಂದ, ಒಲೆಯ ಕಾವಿನಿಂದ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯಿಂದ ದೂರವಿರಲಿ. ಟಿವಿ, ಇಂಟರ್‌ನೆಟ್ ತಂತಿಗೆ ಬೇರೆ ಪೈಪು. ಗಾರೆ ಮೆತ್ತುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಪಕ್ಕದಲ್ಲಿ ಅಳತೆ ಟೇಪು ಹಿಡಿದರೆ ಇನ್ನೂ ಒಳ್ಳೆಯದು.

ಇಲ್ಲೇ ಅಜ್ಜ-ಅಜ್ಜಿಯರ ನೆನಪು ಬೆಲೆಬಾಳುವುದು. ಬಾವಿಯ ಮೋಟರಿಗೆ ಅಂಗಳದಲ್ಲಿ ಹೂತ ಕೇಬಲ್ಲು ಎಲ್ಲಿ ಹಾದಿದೆ, ಮುಚ್ಚಿಹೋದ ಹಳೆಯ ಬೋರ್ಡು ಯಾವ ಗೋಡೆಯಲ್ಲಿತ್ತು, ಕೊಟ್ಟಿಗೆಗೆ ವೈರು ಎಲ್ಲಿಂದ ಎಳೆದಿದ್ದರು ಎನ್ನುವುದು ಯಾವ ನಕ್ಷೆಯಲ್ಲೂ ಇಲ್ಲ. ಅವರ ತಲೆಯಲ್ಲಿದೆ.

ಈ ವಾರದ ಕೆಲಸ: ಚೌಕುಳಿ ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಪ್ಲಗ್ಗು, ಸ್ವಿಚ್ಚು ಎಲ್ಲೆಲ್ಲಿವೆ ಗುರುತು ಹಾಕಿ. ಅಜ್ಜನನ್ನು, ಅಜ್ಜಿಯನ್ನು ಕೇಳಿ ಹಳೆಯ ವೈರಿನ ದಾರಿಯನ್ನು ಕೆಂಪು ಗೆರೆಯಲ್ಲಿ ತೋರಿಸಿ. ಬರೆಯುವುದು, ಎಣಿಸುವುದು ನಿಮ್ಮ ಕೆಲಸ. ಮುಟ್ಟುವುದು, ಬಿಚ್ಚುವುದು ಪರವಾನಗಿ ಇರುವವರದು. ಮೇನ್ ಆಫ್ ಮಾಡಿದರೂ ಮೀಟರಿನಿಂದ ಮೇನ್‌ವರೆಗಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ, ಮರೆಯಬೇಡಿ. ನಕ್ಷೆ ಮುಗಿದ ಮೇಲೆ ಮೇನ್ ಬೋರ್ಡಿನ ಹತ್ತಿರ ಒಂದು ಪ್ರತಿ ಅಂಟಿಸಿಡಿ. ಮುಂದೆ ಗೋಡೆ ಕೊರೆಯಲು ಬಂದವರು ಮೊದಲು ಅದನ್ನು ನೋಡಲಿ.