ಮೊಬೈಲಿನ ಆ್ಯಪ್ ಪೇಟೆ: ಬಾಗಿಲ ಕೀಲಿ ಯಾರ ಕೈಯಲ್ಲಿ?

ಹಿರಿಯೂರಿನ ದಾಳಿಂಬೆ ಬೆಳೆಗಾರರು ಪೇಟೆಯ ಧಾರಣೆಯನ್ನು, ಹೊಳಲ್ಕೆರೆಯ ಅಡಿಕೆ ಬೆಳೆಗಾರರು ಮಳೆಯ ಮುನ್ಸೂಚನೆಯನ್ನು, ಹೊಸದುರ್ಗದ ತಾಯಂದಿರು ಗೃಹಲಕ್ಷ್ಮಿ ಹಣ ಜಮೆಯಾದ ಸುದ್ದಿಯನ್ನು ಇಂದು ನೋಡುವುದು ಅಂಗೈಯ ಮೊಬೈಲಿನಲ್ಲಿ. ಫೋನು ನಮ್ಮ ದುಡಿಮೆಯ ಹಣದಿಂದ ಕೊಂಡದ್ದು. ಆದರೆ ಅದರೊಳಗೆ ಯಾವ ಆ್ಯಪ್ ಬರಬೇಕು, ಯಾವುದು ಬರಬಾರದು ಎಂದು ನಿರ್ಧರಿಸುವವರು ಯಾರು? ದೂರದ ದೇಶಗಳ ನ್ಯಾಯಾಲಯಗಳಲ್ಲಿ ನಡೆಯುತ್ತಿರುವ ಈ ಚರ್ಚೆ ನಮ್ಮ ಮನೆಯಂಗಳದ್ದೂ ಹೌದು.

ಆ್ಯಪಲ್ ಸಂಸ್ಥೆ 2008ರ ಜುಲೈಯಲ್ಲಿ ತನ್ನ ಆ್ಯಪ್ ಮಳಿಗೆಯನ್ನು ತೆರೆಯಿತು. ಐಫೋನಿಗೆ ಆ್ಯಪ್‌ಗಳು ಆ ಒಂದೇ ಬಾಗಿಲಿನಿಂದ ಬರಬೇಕೆಂಬುದು ಅದರ ನಿಯಮ. ಯುರೋಪಿನ ಒಕ್ಕೂಟವು ಹೊಸ ಕಾಯ್ದೆಯ ಬಲದಿಂದ 2024ರ ಮಾರ್ಚ್‌ನಲ್ಲಿ ಅಲ್ಲಿ ಬೇರೆ ಮಳಿಗೆಗಳಿಗೂ ದಾರಿ ಮಾಡಿಸಿತು. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನುಗಳು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ವ್ಯವಸ್ಥೆಯವು. ಇಲ್ಲಿ ಪ್ಲೇ ಸ್ಟೋರ್ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಬಹುದು. ಆದರೂ ಎಚ್ಚರಿಕೆಯ ಫಲಕಗಳ ಸಾಲನ್ನು ದಾಟಿ ಆ ಹಾದಿ ಹಿಡಿಯುವವರು ವಿರಳ.

ಭಾರತೀಯ ಸ್ಪರ್ಧಾ ಆಯೋಗವು ಈ ಪ್ರಾಬಲ್ಯವನ್ನು ಪರಿಶೀಲಿಸಿ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಐದು ದಿನಗಳ ತರುವಾಯ, ಪ್ಲೇ ಸ್ಟೋರಿನ ಹಣ ಪಾವತಿ ನಿಯಮಗಳಿಗಾಗಿ 936.44 ಕೋಟಿ ರೂಪಾಯಿಯ ಮತ್ತೊಂದು ದಂಡ ಬಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೊದಲ ದಂಡವನ್ನು ಎತ್ತಿಹಿಡಿಯಿತಾದರೂ ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಬೇರೆ ಆ್ಯಪ್ ಮಳಿಗೆಗಳಿಗೆ ಪ್ಲೇ ಸ್ಟೋರಿನೊಳಗೆ ಸ್ಥಳ ನೀಡಬೇಕು, ಹೊರಗಿನ ಆ್ಯಪ್‌ಗಳಿಗೆ ಅಡ್ಡಿಪಡಿಸಬಾರದು ಎಂಬ ನಿರ್ದೇಶನಗಳೂ ಅವುಗಳಲ್ಲಿ ಸೇರಿದ್ದವು. ಎರಡನೆಯ ದಂಡವನ್ನು 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಲಾಯಿತು.

ಬಾಗಿಲು ಒಂದೇ ಆದರೆ ಏನಾಗುತ್ತದೆಂಬುದನ್ನು 2024ರ ಮಾರ್ಚ್ 1 ತೋರಿಸಿಕೊಟ್ಟಿತು. ಶುಲ್ಕದ ವಿವಾದದಿಂದಾಗಿ ವಿವಾಹ ಸಂಬಂಧ, ಉದ್ಯೋಗ ಮಾಹಿತಿ ಮೊದಲಾದ ಹೆಸರಾಂತ ಭಾರತೀಯ ಆ್ಯಪ್‌ಗಳನ್ನು ಗೂಗಲ್ ತನ್ನ ಮಳಿಗೆಯಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಶುಲ್ಕದ ವಿಷಯದಲ್ಲಿ ತಪ್ಪು ಯಾರದೇ ಇರಲಿ, ಒಂದು ಸಂಸ್ಥೆಯ ತೀರ್ಮಾನದಿಂದ ಅನೇಕರ ವ್ಯವಹಾರ ಒಂದೇ ದಿನದಲ್ಲಿ ಕಣ್ಮರೆಯಾಗಬಹುದೆಂಬುದು ಚಿಂತಿಸಬೇಕಾದ ಸಂಗತಿ. ಬೆಂಗಳೂರಿನ ಫೋನ್‌ಪೇ ಸಂಸ್ಥೆಯು ಅದಕ್ಕೆ ಕೆಲವೇ ದಿನಗಳ ಮುನ್ನ ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳ ಇಂಡಸ್ ಆ್ಯಪ್ ಮಳಿಗೆಯನ್ನು ಆರಂಭಿಸಿತ್ತು. ಪ್ಲೇ ಸ್ಟೋರಿನ ನಿಯಮದಂತೆ ಇಂತಹ ಪ್ರತಿಸ್ಪರ್ಧಿ ಮಳಿಗೆಗಳಿಗೆ ಅಲ್ಲಿ ಸ್ಥಾನವಿಲ್ಲ.

ಹಾಗೆಂದು ಬಾಗಿಲುಗಳನ್ನೆಲ್ಲ ಹಾರುಹೊಡೆದು ಇಡುವುದು ವಿವೇಕವೇ? ಮದುವೆಯ ಕರೆಯೋಲೆ, ಪಿ.ಎಂ. ಕಿಸಾನ್ ಹಣ, ಸಂಚಾರ ದಂಡದ ರಸೀದಿ ಎಂಬ ಹೆಸರು ಹೊತ್ತು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು ಒತ್ತಿ ಬ್ಯಾಂಕಿನ ಉಳಿತಾಯವನ್ನೇ ಕಳೆದುಕೊಂಡವರು ನಾಡಿನಲ್ಲಿ ಅನೇಕರಿದ್ದಾರೆ. ಇಂತಹ ವಂಚನೆಯನ್ನೇ ಕಾರಣವಾಗಿ ಮುಂದಿಟ್ಟು ಗೂಗಲ್ 2025ರ ಆಗಸ್ಟ್‌ನಲ್ಲಿ ಹೊಸ ನಿಯಮವನ್ನು ಪ್ರಕಟಿಸಿತು. ತನ್ನ ಮಳಿಗೆಯ ಹೊರಗೆ ಆ್ಯಪ್ ಹಂಚುವವರೂ ತಮ್ಮ ಗುರುತನ್ನು ತನ್ನಲ್ಲಿ ದೃಢಪಡಿಸಬೇಕು. 2026ರ ಸೆಪ್ಟೆಂಬರ್‌ನಿಂದ ನಾಲ್ಕು ದೇಶಗಳಲ್ಲಿ, 2027ರಿಂದ ಉಳಿದೆಡೆ ಇದು ಜಾರಿ ಎಂದಿತು. ಸ್ವತಂತ್ರ ತಂತ್ರಾಂಶ ರೂಪಿಸುವವರು ವಿರೋಧಿಸಿದ ಮೇಲೆ, ಅಪಾಯವನ್ನು ಅರಿತು ಒಪ್ಪುವ ಅನುಭವಿಗಳಿಗೆ ಪ್ರತ್ಯೇಕ ದಾರಿಯನ್ನು ಕೊಡುವುದಾಗಿಯೂ ಹೇಳಿತು.

ಚಿತ್ರದುರ್ಗದ ಜನರಿಗೆ ಈ ಸಮಸ್ಯೆಯ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳುಸುತ್ತಿನ ಕೋಟೆಯ ಕಲ್ಲುಕಿಂಡಿಯಲ್ಲಿ ಹೆಣ್ಣುಮಗಳೊಬ್ಬಳು ನುಸುಳಿ ಬರುವುದನ್ನು ಕಂಡ ಹೈದರಾಲಿಯ ಸೈನಿಕರು ಅದೇ ಹಾದಿ ಹಿಡಿದರೆಂದು ಜನಶ್ರುತಿ ಹೇಳುತ್ತದೆ. ಬಡವರಿಗೆ ದಾರಿಯಾದ ಕಿಂಡಿಯೇ ವೈರಿಗೂ ದಾರಿಯಾಯಿತು. ಅಂದು ದುರ್ಗವನ್ನು ಕಾಯ್ದದ್ದು ಓಬವ್ವನ ಎಚ್ಚರ ಮತ್ತು ಒನಕೆ. ಕಾವಲು ಬೇಕು, ನಿಜ. ಆದರೆ ಕಾವಲಿನ ಹೆಸರಿನಲ್ಲಿ ಎಲ್ಲ ಬಾಗಿಲುಗಳ ಕೀಲಿಯನ್ನೂ ಒಬ್ಬನೇ ವ್ಯಾಪಾರಿಯ ಕೈಗೆ ಒಪ್ಪಿಸಿದರೆ, ಆ ವ್ಯಾಪಾರಿಯನ್ನು ಕಾಯುವವರು ಯಾರು? ಕಾವಲಿನ ನಿಯಮಗಳು ಸಾರ್ವಜನಿಕವಾದ ಕಾನೂನಿನಿಂದ ಬರಬೇಕು. ಅನ್ಯಾಯವಾದಾಗ ಮೇಲ್ಮನವಿಗೆ ಅವಕಾಶವಿರಬೇಕು.

ಶರಣರ ಕಾಯಕ ಮತ್ತು ದಾಸೋಹ ತತ್ತ್ವಗಳಿಗೂ ಈ ಪ್ರಶ್ನೆಗೂ ಸಂಬಂಧವಿದೆ. ದುಡಿದವನ ಫಲದಲ್ಲಿ ನಡುವಿನವನ ಪಾಲು ಎಷ್ಟಿರಬೇಕು ಎಂಬುದು ಕಾಯಕದ ಪ್ರಶ್ನೆ. ಆ್ಯಪ್‌ನೊಳಗಿನ ಮಾರಾಟದ ಮೇಲೆ ಮಳಿಗೆಗಳು ಬಹುಕಾಲ ನೂರಕ್ಕೆ 15ರಿಂದ 30ರವರೆಗೆ ಪಾಲು ಪಡೆಯುತ್ತ ಬಂದಿವೆ. ಫಲಾಪೇಕ್ಷೆಯಿಲ್ಲದೆ ಜ್ಞಾನವನ್ನು ಹಂಚುವುದು ದಾಸೋಹ. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣಕ್ಕೆ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಶರಣರ ವಚನಗಳನ್ನೂ ಗಣಕಕ್ಕೆ, ಮೊಬೈಲಿಗೆ ತಂದರು. ಇಂತಹ ಜ್ಞಾನದಾಸೋಹವು ಜನರನ್ನು ತಲುಪಲು ಯಾರ ಅಪ್ಪಣೆಗೂ ಕಾಯಬೇಕಾದ ಸ್ಥಿತಿ ಬರಬಾರದು. ನಾಳೆ ನಮ್ಮ ಜಿಲ್ಲೆಯ ವಿದ್ಯಾರ್ಥಿಯೊಬ್ಬ ರೈತರಿಗಾಗಿ ಪುಟ್ಟ ಆ್ಯಪ್ ಮಾಡಿದರೆ ಅವನಿಗೂ ದಾರಿ ತೆರೆದಿರಬೇಕು.

ಸ್ವಾತಂತ್ರ್ಯ ಕೇಳುವವರು ಎಚ್ಚರದ ಹೊಣೆಯನ್ನೂ ಹೊರಬೇಕು. ಅಪರಿಚಿತರಷ್ಟೇ ಅಲ್ಲ, ಪರಿಚಿತರ ಸಂಖ್ಯೆಯಿಂದ ಬಂದ ಎಪಿಕೆ ಕಡತವನ್ನೂ ಕರೆಮಾಡಿ ಕೇಳದೆ ಒತ್ತಬಾರದು. ಅವರ ಫೋನೇ ವಂಚಕರ ವಶದಲ್ಲಿರಬಹುದು. ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣವೇ 1930ಕ್ಕೆ ಕರೆಮಾಡಬೇಕು. ಮನೆಯ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಇದನ್ನು ತಾಳ್ಮೆಯಿಂದ ತಿಳಿಸಿಕೊಡುವುದೂ ಒಂದು ಕಾಯಕವೇ. ಸರ್ಕಾರವು ಹಲವು ಬಾಗಿಲುಗಳನ್ನು ಉಳಿಸಲಿ, ಸದ್ಭಕ್ತರಾದ ನಾವು ಪ್ರತಿ ಬಾಗಿಲಲ್ಲೂ ಎಚ್ಚರವಾಗಿರೋಣ.