ಲೆಕ್ಕ ಬಿಡಿಸಿಕೊಡಬೇಡಿ, ಮೇಷ್ಟ್ರೇ

ಒಂದು ಲೆಕ್ಕದಿಂದಲೇ ಶುರುಮಾಡೋಣ. ಸ್ಟೈರೀನ್ ಎಂಬ ದ್ರವದ ಒಂದು ಮೋಲ್ ಎಂದರೆ 104 ಗ್ರಾಂ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪಾಲಿಮರ್ ಆಗುವಾಗ ಮೋಲ್ ಒಂದಕ್ಕೆ ಸುಮಾರು 70 ಕಿಲೋಜೂಲ್ ಶಾಖ ಹೊಮ್ಮುತ್ತದೆ. ಒಂದು ಗ್ರಾಂ ದ್ರವವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 1.75 ಜೂಲ್ ಸಾಕು. ಟ್ಯಾಂಕಿನಲ್ಲಿರುವ ದ್ರವದ ನೂರರಲ್ಲಿ ಒಂದು ಪಾಲು ಪಾಲಿಮರ್ ಆಯಿತು, ಶಾಖ ಹೊರಗೆ ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಉಷ್ಣತೆ ಎಷ್ಟು ಏರುತ್ತದೆ?

ಸುಮಾರು 4 ಡಿಗ್ರಿ. ಇಷ್ಟೇನಾ ಎನಿಸುತ್ತದೆ. ಆದರೆ ಬಿಸಿ ಏರಿದಷ್ಟೂ ಕ್ರಿಯೆ ಚುರುಕಾಗುತ್ತದೆ, ಕ್ರಿಯೆ ಚುರುಕಾದಷ್ಟೂ ಬಿಸಿ ಏರುತ್ತದೆ. 2020ರ ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ, ಲಾಕ್‌ಡೌನ್‌ನಿಂದ ನಿಂತಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಲ್ಲಿ ಆದದ್ದು ಇದೇ. ಹೊರನುಗ್ಗಿದ ಆವಿಗೆ ಜನ ಬೀದಿಯಲ್ಲೇ ಕುಸಿದರು. 12 ಮಂದಿ ಸತ್ತರು. ಉಷ್ಣತೆಯನ್ನು ಅಳೆಯುತ್ತಿದ್ದದ್ದು ಟ್ಯಾಂಕಿನ ತಳದಲ್ಲಿ ಮಾತ್ರ. ಮೇಲಿನ ಪದರ ಕಾಯುತ್ತಿದ್ದದ್ದು ಅಲ್ಲಿ ಕಾಣಿಸುವಂತಿರಲಿಲ್ಲ.

ಈಗ ಅದೇ ರಾಜ್ಯದ ವಿಜಯವಾಡಕ್ಕೆ ಬನ್ನಿ. ಕೋಚಿಂಗ್‌ಗೆ, ಹಾಸ್ಟೆಲುಗಳಿಗೆ ಹೆಸರಾದ ಊರು. ಅಲ್ಲಿನ ಮಕ್ಕಳು ಬರೆಯುವ ರಾಜ್ಯದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 160 ಪ್ರಶ್ನೆ. ಒಂದಕ್ಕೆ 67 ಸೆಕೆಂಡು. ನಾವು ನಗುವಂತಿಲ್ಲ, ಕರ್ನಾಟಕದ ಸಿಇಟಿಯಲ್ಲಿ ರಸಾಯನಶಾಸ್ತ್ರಕ್ಕೆ 80 ನಿಮಿಷ, 60 ಪ್ರಶ್ನೆ. ಈ ಓಟಕ್ಕಾಗಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಶಾಖ ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ. ಆಯ್ಕೆ ಬಿ ಎಂದು ಗುರುತು ಹಾಕಿದರೆ ಮುಗಿಯಿತು.

ಸೋರಿಕೆಗೆ ಕೋಚಿಂಗ್ ಕಾರಣ ಎಂದು ನಾನು ಹೇಳುತ್ತಿಲ್ಲ. ಅದರ ಹೊಣೆ ಕಾರ್ಖಾನೆ ನಡೆಸಿದವರದ್ದು. ಆದರೆ ನಾಳೆ ಇಂಥ ಟ್ಯಾಂಕುಗಳ ಪಕ್ಕ ನಿಲ್ಲುವವರು, ಅವುಗಳ ತಪಾಸಣೆಗೆ ಹೋಗುವವರು, ಅವುಗಳ ನೆರಳಿನಲ್ಲಿ ಮನೆ ಕಟ್ಟಿಕೊಂಡು ಪ್ರಶ್ನೆ ಕೇಳಬೇಕಾದವರು ಈ ಮಕ್ಕಳೇ. ಅಂಕಪಟ್ಟಿ ಎಂಬ ನಮ್ಮ ಅಳತೆಗೋಲೂ ತಳವನ್ನಷ್ಟೇ ಅಳೆಯುತ್ತಿದೆ.

‘ಶಾರ್ಟ್‌ಕಟ್ ಕಲಿಸದಿದ್ದರೆ ಬಡವರ ಮಕ್ಕಳಿಗೆ ಸೀಟು ತಪ್ಪುತ್ತದೆ’ ಎನ್ನುತ್ತಾರೆ. ನಿಜ, ಆ ಮಾತನ್ನು ತಳ್ಳಿಹಾಕಲಾರೆ. ಕಲಿಸಿ, ಕೊನೆಯ ಕೆಲವು ತಿಂಗಳು ಕಲಿಸಿ. ಆದರೆ ಎರಡು ವರ್ಷವನ್ನೂ ಅದಕ್ಕೇ ಸುರಿಯಬೇಕೆ? ವಾರಕ್ಕೊಂದು ಲೆಕ್ಕವನ್ನಾದರೂ ಬಿಡಿಸಿಕೊಡದೆ ಮಕ್ಕಳ ಕೈಯಲ್ಲೇ ಬಿಟ್ಟುಬಿಡಿ.

ಮೇಲಿನ ಲೆಕ್ಕದಲ್ಲಿ ಕಿಲೋಜೂಲನ್ನು ಜೂಲಿಗೆ ತಿರುಗಿಸಲು ಮರೆತ ಹುಡುಗಿಗೆ 4ರ ಬದಲು 0.004 ಡಿಗ್ರಿ ಬರುತ್ತದೆ. ತಕ್ಷಣ ತಿದ್ದಲು ಹೋಗಬೇಡಿ. ‘ಇಷ್ಟೇ ಆದರೆ ಆ ಟ್ಯಾಂಕು ಕಾದದ್ದು ಹೇಗೆ?’ ಎಂದು ಕೇಳಿ ಸುಮ್ಮನಿರಿ. ತಲೆ ಕೆರೆದುಕೊಂಡು ತಪ್ಪನ್ನು ತಾನೇ ಹುಡುಕಿದವಳು ಆ ಸಾವಿರದ ವ್ಯತ್ಯಾಸವನ್ನು ಮುಂದೆಂದೂ ಮರೆಯುವುದಿಲ್ಲ.